ಭಾಗ್ಯಲಕ್ಷ್ಮಿಯೋ, ಸುಕನ್ಯಾವೋ, ಮಾತೃ ವಂದನಾವೋ? ಮಗು ಬರುವ ಮನೆಗೆ ಸರ್ಕಾರದ ದುಡ್ಡಿನ ಲೆಕ್ಕ

"ಭಾಗ್ಯಲಕ್ಷ್ಮಿ ಒಳ್ಳೇದಾ, ಸುಕನ್ಯಾ ಸಮೃದ್ಧಿ ಒಳ್ಳೇದಾ?" ಹೆಣ್ಣು ಮಗು ಹುಟ್ಟಿದ ಮನೆಯವರು ಮೊದಲು ಕೇಳುವ ಪ್ರಶ್ನೆ ಇದು. ಉತ್ತರ ಬಹಳ ಸುಲಭ. ಭಾಗ್ಯಲಕ್ಷ್ಮಿಯಲ್ಲಿ ದುಡ್ಡು ಹಾಕುವುದು ಸರ್ಕಾರ, ಸುಕನ್ಯಾದಲ್ಲಿ ಹಾಕುವುದು ನೀವು. ಒಂದು ಪುಕ್ಕಟೆ ಬರುವುದು, ಇನ್ನೊಂದು ಉಳಿತಾಯ. ಪುಕ್ಕಟೆ ಸಿಗುವುದಕ್ಕೆ ಅರ್ಹತೆ ಇದ್ದರೆ ಅದನ್ನು ತಗೊಳ್ಳಿ, ಆಮೇಲೆ ಉಳಿತಾಯದ ಮಾತು.

ಆದರೆ ಜನ ಎಡವುವುದು ಇಲ್ಲಿ ಅಲ್ಲ. ಯೋಜನೆಗಳನ್ನು ಮೊತ್ತದ ಮೇಲೆ ಅಳೆಯುತ್ತಾರಲ್ಲ, ಅಲ್ಲಿ. ಐವತ್ತು ಸಾವಿರ ಎಂದ ಕೂಡಲೇ ಕಿವಿ ನೆಟ್ಟಗಾಗುತ್ತದೆ, ಐದು ಸಾವಿರ ಎಂದರೆ "ನೋಡೋಣ ಬಿಡಿ" ಎನ್ನುತ್ತಾರೆ. ಆ ನೋಡೋಣ ಬಿಡಿ ಎನ್ನುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ನನ್ನ ಪ್ರಕಾರ ಯಾವ ಯೋಜನೆ ಮೊದಲು ಎಂದು ತೀರ್ಮಾನಿಸಬೇಕಾದ್ದು ಕ್ಯಾಲೆಂಡರ್ ನೋಡಿ. ಯಾವುದರ ಬಾಗಿಲು ಬೇಗ ಮುಚ್ಚುತ್ತದೋ ಅದು ಮೊದಲು. ಮತ್ತೆ ಇವುಗಳಲ್ಲಿ ಬಹುಪಾಲು "ಇದು ಬೇಕಾ, ಅದು ಬೇಕಾ" ಎಂದು ಆರಿಸಿಕೊಳ್ಳುವಂಥವು ಅಲ್ಲವೇ ಅಲ್ಲ, ಎರಡನ್ನೂ ತಗೋಬಹುದು. ಒಂದು ತಗೊಂಡರೆ ಇನ್ನೊಂದು ಇಲ್ಲ ಎನ್ನುವ ಜಾಗ ಕೆಲವೇ ಕೆಲವು. ಅಲ್ಲಿ ಮಾತ್ರ ತಲೆ ಓಡಿಸಬೇಕು.

ಕೆಳಗಿನದೆಲ್ಲ ಕರ್ನಾಟಕದಲ್ಲಿ ಇರುವವರಿಗೆ ಬರೆದದ್ದು.

ಬಸುರಿಯಾಗಿದ್ದಾಗಲೇ ಶುರು ಮಾಡಬೇಕಾದ್ದು

ಇಲ್ಲಿ ಮೂರು ದಾರಿ ಇವೆ. ಯಾವುದು ನಿಮ್ಮದು ಎನ್ನುವುದು ನೀವು ಮಾಡುವ ಕೆಲಸದ ಮೇಲೆ ನಿಂತಿದೆ.

ಮೊದಲನೆಯದು ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆ. 2017ರ ಜನವರಿಯಿಂದ ಇದೆ, 2022ರಲ್ಲಿ ನಿಯಮ ಬದಲಾಯಿತು. ಈಗಿನ ಲೆಕ್ಕ ಹೀಗೆ: ಮೊದಲ ಮಗುವಿಗೆ 5,000 ರೂಪಾಯಿ, ಎರಡು ಕಂತು. ಗರ್ಭ ನೋಂದಣಿ ಮಾಡಿಸಿ, ಆರು ತಿಂಗಳೊಳಗೆ ಒಂದು ಸಲವಾದರೂ ತಪಾಸಣೆ ಆಗಿದ್ದರೆ 3,000. ಮಗು ಹುಟ್ಟಿ, ಜನನ ನೋಂದಣಿಯಾಗಿ, ಮೂರೂವರೆ ತಿಂಗಳ ತನಕದ ಲಸಿಕೆ ಮುಗಿದ ಮೇಲೆ 2,000. ಎರಡನೇ ಮಗು ಹೆಣ್ಣಾದರೆ ಒಂದೇ ಸಲಕ್ಕೆ 6,000. ಎರಡನೆಯದು ಗಂಡಾದರೆ ಏನೂ ಇಲ್ಲ. ಅರ್ಜಿಗೆ ಮಗು ಹುಟ್ಟಿ 270 ದಿನದ ತನಕ ಅವಕಾಶ ಇದೆ, ಅಂದರೆ ಒಂಬತ್ತು ತಿಂಗಳು. ಹೊಸ ತಾಯಿಗೆ ಒಂಬತ್ತು ತಿಂಗಳು ಹೇಗೆ ಹೋಗುತ್ತದೆ ಎಂದೇ ಗೊತ್ತಾಗುವುದಿಲ್ಲ, ಅಲ್ವಾ?

ಇದನ್ನು ಬಿಪಿಎಲ್ ಕಾರ್ಡ್ ಇರುವವರಿಗೆ ಮಾತ್ರ ಎಂದು ತಿಳಿದು ಬಿಟ್ಟುಬಿಡುವವರು ತುಂಬಾ ಜನ. ಹಾಗೇನಿಲ್ಲ. ಬಿಪಿಎಲ್ ಒಂದು ದಾರಿ ಅಷ್ಟೇ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು, ಆಯುಷ್ಮಾನ್ ಕಾರ್ಡ್, ಇ-ಶ್ರಮ್ ಕಾರ್ಡ್ ಅಥವಾ ನರೇಗಾ ಜಾಬ್ ಕಾರ್ಡ್ ಇರುವವರು, ಕಿಸಾನ್ ಸಮ್ಮಾನ್ ಪಡೆಯುವ ರೈತ ಮಹಿಳೆಯರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು, ಕುಟುಂಬದ ವರ್ಷದ ಆದಾಯ 8 ಲಕ್ಷದ ಒಳಗಿರುವವರು, ಇವರಲ್ಲಿ ಯಾವುದಾದರೂ ಒಂದು ಆಗಿದ್ದರೆ ಸಾಕು. ಪಟ್ಟಣದಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡವರ ಮನೆಯವರೂ ಇದರಲ್ಲಿ ಬರುತ್ತಾರೆ. ಗಂಡನ ಆಧಾರ್ ಕೊಡಲೇಬೇಕು ಎಂಬ ಕಟ್ಟಳೆಯೂ ಈಗ ಇಲ್ಲ, ಗಂಡ ಜೊತೆಯಲ್ಲಿ ಇಲ್ಲದವರಿಗೆ ಇದು ದೊಡ್ಡ ಅನುಕೂಲ. ಗರ್ಭಪಾತವಾದರೆ ಅಥವಾ ಹುಟ್ಟುವಾಗಲೇ ಮಗು ಜೀವಂತ ಇಲ್ಲದಿದ್ದರೆ ಮುಂದಿನ ಬಸಿರಿಗೆ ಹೊಸದಾಗಿ ಅರ್ಜಿ ಹಾಕಬಹುದು. ಇದನ್ನು ಯಾರೂ ಆ ತಾಯಂದಿರಿಗೆ ಹೇಳುವುದಿಲ್ಲ, ನೀವಾದರೂ ಹೇಳಿ.

ಎರಡನೇ ದಾರಿ ಇಎಸ್‌ಐ (ಸಂಬಳದಿಂದ ವಂತಿಗೆ ಕಟ್ಟುವ ನೌಕರರ ವಿಮೆ) ಅಥವಾ ಸಂಬಳದ ಹೆರಿಗೆ ರಜೆ. ಇಲ್ಲಿಯೇ ನಿಜವಾದ "ಇದು ಇಲ್ಲಾ ಅದು" ಬರುತ್ತದೆ. ಸರ್ಕಾರಿ ನೌಕರಿಯಲ್ಲಿ ಇರುವವರಿಗೆ, ಕಾನೂನಿನ ಪ್ರಕಾರ ಹೆರಿಗೆ ಸೌಲಭ್ಯ ಬೇರೆ ಕಡೆಯಿಂದ ಸಿಗುವವರಿಗೆ ಮಾತೃ ವಂದನಾ ಇಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಲೆಕ್ಕ ಹಾಕಿ. ಗಾರ್ಮೆಂಟ್ಸ್‌ನಲ್ಲಿ ತಿಂಗಳಿಗೆ 14,000 ಸಂಬಳ ಎಂದಿಟ್ಟುಕೊಳ್ಳಿ. ಸಂಬಳ 21,000ದ ಒಳಗಿದ್ದರೆ ಇಎಸ್‌ಐ ಬರುತ್ತದೆ, ಹೆರಿಗೆಗೆ 26 ವಾರ ಪೂರ್ತಿ ಕೂಲಿ. ಹತ್ತಿರ ಹತ್ತಿರ 84,000 ಆಯಿತು. ಅದರ ಮುಂದೆ ಐದು ಸಾವಿರ ಯಾವ ಲೆಕ್ಕ?

ಆದರೆ ಇದರಲ್ಲಿ ಒಂದು ಕೊಕ್ಕೆ ಇದೆ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಸೇರಿ ಕನಿಷ್ಠ 70 ದಿನದ ವಂತಿಗೆ ಕಟ್ಟಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ನಮ್ಮಲ್ಲಿ ಏನಾಗುತ್ತದೆ ಎಂದರೆ, ಐದನೇ ತಿಂಗಳಿಗೆ ಬೆನ್ನು ನೋವು, ಬಸ್ಸಿನಲ್ಲಿ ನಿಂತು ಹೋಗಲು ಆಗುವುದಿಲ್ಲ, ಅತ್ತೆ ಮನೆಯಲ್ಲಿ "ಸಾಕು ಬಿಟ್ಟುಬಿಡು" ಎನ್ನುತ್ತಾರೆ, ಸೂಪರ್‌ವೈಸರ್ ಒಂದು ಬಿಳಿ ಹಾಳೆ ಮುಂದಿಡುತ್ತಾನೆ, ಹುಡುಗಿ ಸಹಿ ಹಾಕಿ ಪಿಎಫ್ ತಗೊಂಡು ಊರಿಗೆ ಹೋಗುತ್ತಾಳೆ. ಆ ಸಹಿಯ ಬೆಲೆ ಎಷ್ಟು ಎಂದು ಆಗ ಯಾರೂ ಹೇಳುವುದಿಲ್ಲ. ರಾಜೀನಾಮೆಗೆ ಸಹಿ ಹಾಕುವ ಮುಂಚೆ ನಿಮ್ಮ ಇಎಸ್‌ಐ ಶಾಖಾ ಕಚೇರಿಯಲ್ಲಿ ದಿನಗಳ ಲೆಕ್ಕ ಕೇಳಿ. ಸುಮ್ನೆ ಬಿಟ್ಟುಬರಬೇಡಿ.

ಸಂಬಳ 21,000ಕ್ಕಿಂತ ಜಾಸ್ತಿ ಇದ್ದರೆ ರಜೆಯ ಸಂಬಳ ಕೊಡಬೇಕಾದ್ದು ಕಂಪನಿ. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಮೊದಲ ಎರಡು ಮಕ್ಕಳಿಗೆ 26 ವಾರ, ಅದರಲ್ಲಿ 8 ವಾರದ ತನಕ ಹೆರಿಗೆಗೆ ಮುಂಚೆ ತಗೋಬಹುದು. ಮೂರನೇ ಮಗುವಿಗೆ 12 ವಾರ ಮಾತ್ರ. ಕಾಂಟ್ರಾಕ್ಟ್ ಕೆಲಸ ಎಂದ ಮಾತ್ರಕ್ಕೆ ಇದು ಇಲ್ಲ ಎಂದುಕೊಳ್ಳಬೇಡಿ, ಲೆಕ್ಕಕ್ಕೆ ಬರುವುದು ಕೆಲಸ ಮಾಡಿದ ದಿನಗಳು.

ಮೂರನೇ ದಾರಿ ಕಟ್ಟಡ ಕಾರ್ಮಿಕರದು. ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾದ ಮಹಿಳೆಗೆ ಮೊದಲ ಎರಡು ಹೆರಿಗೆಗೆ ತಲಾ 50,000 ರೂಪಾಯಿ. ತಾಯಿ ಲಕ್ಷ್ಮಿ ಬಾಂಡ್ ಎನ್ನುತ್ತಾರೆ. ಅದರ ಮೇಲೆ ತಾಯಿ ಮಗು ಸಹಾಯ ಹಸ್ತ ಎಂದು ಮಗುವಿಗೆ ಮೂರು ವರ್ಷ ತುಂಬುವ ತನಕ ವರ್ಷಕ್ಕೆ 6,000. ಹೆರಿಗೆಯಾದ ಆರು ತಿಂಗಳೊಳಗೆ ಅರ್ಜಿ ಹೋಗಬೇಕು.

ಕೇಳಲು ಚೆಂದ. ಆದರೆ ಕಾರ್ಡ್ ಇರಬೇಕಾದ್ದು ಹೆಂಡತಿಯ ಹೆಸರಲ್ಲಿ. ಗಾರೆ ಕೆಲಸಕ್ಕೆ ಇಬ್ಬರೂ ಹೋಗುತ್ತಾರೆ, ಇಟ್ಟಿಗೆ ಹೊರುವುದು, ಜಲ್ಲಿ ಹೊರುವುದು, ಕ್ಯೂರಿಂಗ್‌ಗೆ ನೀರು ಹಾಕುವುದು ಅವಳೇ, ಆದರೆ ಲೇಬರ್ ಕಾರ್ಡ್ ಮಾಡಿಸುವುದು ಗಂಡನಿಗೆ. ಗಂಡನ ಕಾರ್ಡ್ ತಗೊಂಡು ಹೋದರೆ ಈ 50,000 ಬರುವುದಿಲ್ಲ. ನೋಂದಣಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ನಿರ್ಮಾಣ ಕೆಲಸ ಮಾಡಿದ ದಾಖಲೆ ಬೇಕು. ಹಾಗಾಗಿ ಗಾರೆ ಕೆಲಸದ ಮನೆಗಳಲ್ಲಿ ಮದುವೆಯಾದ ವರ್ಷವೇ ಅವಳ ಹೆಸರಲ್ಲೂ ಕಾರ್ಡ್ ಮಾಡಿಸಿ, ನವೀಕರಣ ಮರೆಯಬೇಡಿ. ಕೆಲಸವೇ ಮಾಡದೆ ಏಜೆಂಟ್‌ಗೆ ದುಡ್ಡು ಕೊಟ್ಟು ಕಾರ್ಡ್ ಮಾಡಿಸುವ ದಂಧೆಯೂ ಇದೆ. ಅದಕ್ಕೆ ಕೈ ಹಾಕಬೇಡಿ. ಮಂಡಳಿಯವರು ಬೋಗಸ್ ಕಾರ್ಡ್‌ಗಳನ್ನು ರಾಶಿ ರಾಶಿ ರದ್ದು ಮಾಡಿದ್ದಾರೆ.

ಮಂಡಳಿಯ ದುಡ್ಡು ಮತ್ತು ಮಾತೃ ವಂದನಾ ಎರಡೂ ಸಿಗುತ್ತದಾ? ಬೇರೆ ಕಾನೂನಿನಡಿ ಇಂಥದ್ದೇ ಸೌಲಭ್ಯ ಪಡೆಯುವವರಿಗೆ ಇಲ್ಲ ಎನ್ನುವ ಮಾತು ಮಾತೃ ವಂದನಾದ ನಿಯಮದಲ್ಲೇ ಇದೆ. ಆರಿಸಲೇಬೇಕಾದ ಪರಿಸ್ಥಿತಿ ಬಂದರೆ ಐದು ಸಾವಿರಕ್ಕಾಗಿ ಐವತ್ತು ಸಾವಿರ ಬಿಡುವವರು ಯಾರು?

ಇನ್ನು ಜನನಿ ಸುರಕ್ಷಾ. ಬಿಪಿಎಲ್ ಮತ್ತು ಪರಿಶಿಷ್ಟ ಕುಟುಂಬದವರಿಗೆ ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಹಳ್ಳಿಯಲ್ಲಿ 700, ಪಟ್ಟಣದಲ್ಲಿ 600. ಆಟೋ ಬಾಡಿಗೆಗೆ ಸರಿಹೋಗುತ್ತದೆ. ಪ್ರತ್ಯೇಕವಾಗಿ ಓಡಾಡುವಂಥದ್ದಲ್ಲ, ತಾಯಿ ಕಾರ್ಡ್ ಸರಿಯಾಗಿದ್ದರೆ ಆಶಾ ಅವರೇ ಮಾಡಿಸಿಕೊಡುತ್ತಾರೆ.

ದುಡ್ಡಾಗಿ ಬಾರದೆ ಹೊಟ್ಟೆಗೆ ಬರುವುದು ಮಾತೃಪೂರ್ಣ. 2017ರ ಅಕ್ಟೋಬರ್ 2ರಿಂದ ಅಂಗನವಾಡಿಯಲ್ಲಿ ಬಸುರಿಯರಿಗೆ, ಬಾಣಂತಿಯರಿಗೆ ತಿಂಗಳಿಗೆ 25 ದಿನ ಮಧ್ಯಾಹ್ನದ ಬಿಸಿಯೂಟ. ಅನ್ನ, ಸಾಂಬಾರು, ಮೊಟ್ಟೆ, ಹಾಲು, ಚಿಕ್ಕಿ. ಪಟ್ಟಣದ ಹೆಣ್ಣುಮಕ್ಕಳು ನಾಚಿಕೊಂಡು ಹೋಗುವುದಿಲ್ಲ. ಮನೆಯಲ್ಲಿ ದಿನಾ ಮೊಟ್ಟೆ ತಿನ್ನುವ ಸ್ಥಿತಿ ಇಲ್ಲದಿದ್ದರೆ ನಾಚಿಕೆ ಪಕ್ಕಕ್ಕಿಡಿ. ಅಲ್ಲಿ ಹೋದರೆ ಇನ್ನೊಂದು ಲಾಭ ಏನೆಂದರೆ ಅಂಗನವಾಡಿ ಟೀಚರ್ ಜೊತೆ ಬಳಕೆ ಬೆಳೆಯುತ್ತದೆ, ಮುಂದೆ ಮಾತೃ ವಂದನಾಕ್ಕೂ ಭಾಗ್ಯಲಕ್ಷ್ಮಿಗೂ ಅವರೇ ಬೇಕು.

ಕಾಗದ ಪತ್ರ ಮತ್ತು ಬ್ಯಾಂಕ್ ಖಾತೆ

ಯಾವ ಯೋಜನೆ ಎಂದು ತಲೆ ಕೆಡಿಸಿಕೊಳ್ಳುವುದಕ್ಕಿಂತ ಇಲ್ಲಿ ಕೆಡಿಸಿಕೊಂಡರೆ ಲಾಭ ಜಾಸ್ತಿ. ನಮ್ಮ ಬೀದಿಯಲ್ಲಿ ಹೂ ಕಟ್ಟುವ ಹುಡುಗಿ ಒಬ್ಬಳಿದ್ದಾಳೆ. ಮೊದಲ ಕಂತಿನ 3,000 ಬರಲೇ ಇಲ್ಲ ಎಂದು ಅಂಗನವಾಡಿಗೆ ಅಲೆದಳು, ಟೀಚರ್ ಮೇಲೆ ಸಿಟ್ಟಾದಳು. ಟೀಚರ್ ಮೊಬೈಲ್‌ನಲ್ಲಿ ನೋಡಿದರೆ "ಹಣ ಪಾವತಿಯಾಗಿದೆ" ಎಂದು ತೋರಿಸುತ್ತಿತ್ತು. ಕೊನೆಗೆ ಸಿಕ್ಕಿದ್ದು ಎಲ್ಲಿ ಗೊತ್ತಾ? ಅವಳು ಪಿಯುಸಿ ಓದುವಾಗ ಸ್ಕಾಲರ್‌ಶಿಪ್‌ಗೆ ಎಂದು ತೆರೆದಿದ್ದ ತವರೂರಿನ ಬ್ಯಾಂಕ್ ಖಾತೆಯಲ್ಲಿ. ಪಾಸ್‌ಬುಕ್ ಎಲ್ಲಿದೆ ಎಂದೂ ಅವಳಿಗೆ ನೆನಪಿರಲಿಲ್ಲ.

ಇಂಥ ಹಣ ಹೋಗುವುದು ಆಧಾರ್ ಕೊನೆಯದಾಗಿ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ. ಅರ್ಜಿಯಲ್ಲಿ ನೀವು ಯಾವ ಪಾಸ್‌ಬುಕ್ ಜೆರಾಕ್ಸ್ ಲಗತ್ತಿಸಿದ್ದೀರಿ ಎನ್ನುವುದಕ್ಕೆ ಅದು ಕಾಯುವುದಿಲ್ಲ. ಬ್ಯಾಂಕಿಗೆ ಹೋಗಿ "ಡಿಬಿಟಿಗೆ ಆಧಾರ್ ಸೀಡಿಂಗ್ ಮಾಡಿಕೊಡಿ" ಎಂದೇ ಕೇಳಿ. ಡಿಬಿಟಿ ಎಂದರೆ ಸರ್ಕಾರದ ಹಣ ನೇರವಾಗಿ ಖಾತೆಗೆ ಬರುವುದು. "ಆಧಾರ್ ಲಿಂಕ್" ಎಂದಷ್ಟೇ ಹೇಳಿದರೆ ಕೆವೈಸಿಗೆ ಜೋಡಿಸಿ ಕಳಿಸುತ್ತಾರೆ, ಅದು ಬೇರೆ, ಇದು ಬೇರೆ.

ಹೆಸರಿನದು ಇನ್ನೊಂದು ತಲೆನೋವು. ಆಧಾರ್‌ನಲ್ಲಿ ತಂದೆಯ ಇನಿಷಿಯಲ್, ರೇಷನ್ ಕಾರ್ಡ್‌ನಲ್ಲಿ ಗಂಡನ ಹೆಸರು, ಪಾಸ್‌ಬುಕ್‌ನಲ್ಲಿ ಇನಿಷಿಯಲ್ಲೇ ಇಲ್ಲ. ಬಸುರಿಯಾದ ಮೊದಲ ತಿಂಗಳಲ್ಲೇ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ, ಬೇರೆ ಇದ್ದರೆ ಆಗಲೇ ತಿದ್ದಿಸಿ. ಬಾಣಂತನದಲ್ಲಿ ಆಧಾರ್ ಸೆಂಟರ್ ಕ್ಯೂ ಯಾರಿಗೂ ಬೇಡ.

ಮಗುವಿನ ಜನನ ನೋಂದಣಿ 21 ದಿನದೊಳಗೆ ಆಗಬೇಕು. ಆಸ್ಪತ್ರೆಯಲ್ಲಿ ಹುಟ್ಟಿದರೆ ಅವರೇ ಕಳಿಸುತ್ತಾರೆ, ಆದರೆ ಡಿಸ್ಚಾರ್ಜ್ ಆಗುವಾಗ ತಂದೆ ತಾಯಿಯ ಹೆಸರಿನ ಸ್ಪೆಲಿಂಗ್ ನೀವೇ ಓದಿ ನೋಡಿ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಿಸುವುದರಿಂದ ಹಿಡಿದು ಎಲ್ಲದಕ್ಕೂ ಹುಟ್ಟಿದ ದಿನಕ್ಕೆ ದಾಖಲೆ ಎಂದರೆ ಆ ಪ್ರಮಾಣಪತ್ರವೇ.

ಹೆಣ್ಣು ಮಗುವಾದರೆ: ಭಾಗ್ಯಲಕ್ಷ್ಮಿ ಮತ್ತು ಸುಕನ್ಯಾ

ಭಾಗ್ಯಲಕ್ಷ್ಮಿ ಶುರುವಾದದ್ದು 2006ರಲ್ಲಿ. ಬಿಪಿಎಲ್ ಕುಟುಂಬದ ಇಬ್ಬರು ಹೆಣ್ಣುಮಕ್ಕಳಿಗೆ. ಮೊದಮೊದಲು 10,000 ಠೇವಣಿ ಇಡುತ್ತಿದ್ದರು. 2008ರ ಆಗಸ್ಟ್‌ನಿಂದ ಅದನ್ನು ಮೊದಲ ಮಗುವಿಗೆ 19,300, ಎರಡನೆಯದಕ್ಕೆ 18,350 ಎಂದು ಏರಿಸಿದರು. 18 ತುಂಬಿದಾಗ ಒಂದು ಲಕ್ಷ ಬರುವ ಲೆಕ್ಕ. ಹಾಗಾಗಿ 2006-07ರಲ್ಲಿ ಹುಟ್ಟಿದ ಹುಡುಗಿಗೂ 2009ರಲ್ಲಿ ಹುಟ್ಟಿದ ಅವಳ ತಂಗಿಗೂ ಬರುವ ಮೊತ್ತ ಒಂದೇ ಅಲ್ಲ, ದೊಡ್ಡವಳಿಗೆ ಅರ್ಧಕ್ಕಿಂತ ಕಡಿಮೆ. "ಲಕ್ಷ ಎಂದಿದ್ದರಲ್ಲ" ಎಂದು ಜಗಳಕ್ಕೆ ಹೋಗುವ ಮುಂಚೆ ಬಾಂಡ್ ಮೇಲಿನ ತಾರೀಕು ನೋಡಿ.

2020-21ರಿಂದ ಇದರ ರೂಪವೇ ಬದಲಾಯಿತು. ಬಾಂಡ್ ಹೋಗಿ ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಖಾತೆ ಬಂತು. ಸರ್ಕಾರ ವರ್ಷಕ್ಕೆ 3,000ದಂತೆ 15 ವರ್ಷ, ಒಟ್ಟು 45,000 ಹಾಕುತ್ತದೆ. 21ನೇ ವರ್ಷಕ್ಕೆ ಸುಮಾರು 1.27 ಲಕ್ಷ ಎಂದು ಸರ್ಕಾರ ಹೇಳಿತ್ತು. ಆಗ ಸುಕನ್ಯಾ ಬಡ್ಡಿ ಶೇ 7.6 ಇತ್ತು. ಬಡ್ಡಿ ಏರಿದರೆ ಮೊತ್ತ ಏರುತ್ತದೆ, ಇಳಿದರೆ ಇಳಿಯುತ್ತದೆ.

ಅರ್ಜಿ ಹಾಕಬೇಕಾದ್ದು ಅಂಗನವಾಡಿಯಲ್ಲಿ, ಮಗುವಿಗೆ ಒಂದು ವರ್ಷ ತುಂಬುವ ಒಳಗೆ. ಈ ಒಂದು ವರ್ಷದ ಗಡುವೇ ಇಡೀ ಯೋಜನೆಯ ಕುತ್ತಿಗೆ ಹಿಸುಕುವುದು. ರೇಷನ್ ಕಾರ್ಡ್‌ನಲ್ಲಿ ಸೊಸೆಯ ಹೆಸರು ಸೇರಿಲ್ಲ, ಅಥವಾ ಗಂಡ ಹೆಂಡತಿ ಬೇರೆ ಮನೆ ಮಾಡಿದ್ದಾರೆ, ಹೊಸ ಬಿಪಿಎಲ್ ಕಾರ್ಡ್ ಸಿಗುವುದು ಎಷ್ಟು ಕಷ್ಟ ಎಂದು ನಿಮಗೇ ಗೊತ್ತು. ಕಾರ್ಡ್ ಕೈಗೆ ಬರುವಷ್ಟರಲ್ಲಿ ಮಗು ನಡೆಯುತ್ತಿರುತ್ತದೆ. ಆಮೇಲೆ ಯಾರ ಕೈಕಾಲು ಹಿಡಿದರೂ ಆಗುವುದಿಲ್ಲ. ಹಾಗಾಗಿ ಮದುವೆಯಾದ ಮೇಲೆ ರೇಷನ್ ಕಾರ್ಡ್‌ಗೆ ಹೆಸರು ಸೇರಿಸುವ ಕೆಲಸ ಮುಂದೂಡಬೇಡಿ. ಜೊತೆಗೆ ಷರತ್ತುಗಳಿವೆ: ಲಸಿಕೆ ಹಾಕಿಸಿರಬೇಕು, ಕನಿಷ್ಠ 8ನೇ ತರಗತಿ ಓದಿಸಬೇಕು, ಕೂಲಿಗೆ ಕಳಿಸಬಾರದು, 18 ತುಂಬುವ ಮುಂಚೆ ಮದುವೆ ಮಾಡಬಾರದು.

ಈಗ ನಿಮ್ಮದೇ ದುಡ್ಡಿನ ಸುಕನ್ಯಾ. 2015ರ ಜನವರಿಯಲ್ಲಿ ಶುರುವಾಯಿತು. ಇದಕ್ಕೆ ಬಿಪಿಎಲ್, ಎಪಿಎಲ್ ಭೇದ ಇಲ್ಲ. ಹುಡುಗಿಗೆ 10 ವರ್ಷ ತುಂಬುವ ಒಳಗೆ ಖಾತೆ ತೆರೆಯಬೇಕು. ವರ್ಷಕ್ಕೆ ಕನಿಷ್ಠ 250, ಹೆಚ್ಚೆಂದರೆ 1.5 ಲಕ್ಷ. ಬಡ್ಡಿಯನ್ನು ಮೂರು ತಿಂಗಳಿಗೊಮ್ಮೆ ಸರ್ಕಾರ ಪ್ರಕಟಿಸುತ್ತದೆ, 2024ರ ಜನವರಿಯಲ್ಲಿ ಅದು ಶೇ 8.2 ಆಯಿತು. ತಿಂಗಳಿಗೆ 1,000ದಂತೆ 15 ವರ್ಷ ಕಟ್ಟಿದರೆ ನಿಮ್ಮ ಕೈಯಿಂದ ಹೋಗುವುದು 1.8 ಲಕ್ಷ. ಬಡ್ಡಿ ಹೀಗೇ ಇದ್ದರೆ 21 ವರ್ಷಕ್ಕೆ ಐದೂವರೆ ಲಕ್ಷದ ಆಸುಪಾಸು ಬರುತ್ತದೆ. ಪ್ರತಿ ತಿಂಗಳು 5ನೇ ತಾರೀಕಿನ ಒಳಗೆ ಕಟ್ಟಿದರೆ ಆ ತಿಂಗಳ ಬಡ್ಡಿಯೂ ಸಿಗುತ್ತದೆ. 6ನೇ ತಾರೀಕು ಕಟ್ಟಿದರೆ ಆ ಕಂತಿಗೆ ಆ ತಿಂಗಳ ಬಡ್ಡಿ ಇಲ್ಲ.

ಈ 21 ವರ್ಷ ಎನ್ನುವುದು ಖಾತೆ ತೆರೆದ ದಿನದಿಂದ. ಹುಡುಗಿಯ ವಯಸ್ಸಲ್ಲ. 9ನೇ ವಯಸ್ಸಿಗೆ ತೆರೆದರೆ ಅವಧಿ ಮುಗಿಯುವಾಗ ಅವಳಿಗೆ 30. 18 ತುಂಬಿದ ಮೇಲೆ ಅಥವಾ 10ನೇ ತರಗತಿ ಪಾಸಾದ ಮೇಲೆ ಓದಿಗೆ ಅರ್ಧ ತೆಗೆಯಬಹುದು, 18ರ ನಂತರ ಮದುವೆಗೆ ಪೂರ್ತಿ ಮುಚ್ಚಬಹುದು. ಅಜ್ಜ ಅಜ್ಜಿ ಪ್ರೀತಿಯಿಂದ ಮೊಮ್ಮಗಳ ಹೆಸರಲ್ಲಿ ತೆರೆದ ಖಾತೆಗಳಿವೆಯಲ್ಲ, ಅವರು ಕಾನೂನಿನ ಪ್ರಕಾರ ಪೋಷಕರಲ್ಲದಿದ್ದರೆ ಖಾತೆಯನ್ನು ತಂದೆ ಅಥವಾ ತಾಯಿಯ ಹೆಸರಿಗೆ ವರ್ಗಾಯಿಸಬೇಕು. ಇದನ್ನು 2024ರಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ.

ಈಗ ಮುಖ್ಯ ವಿಷಯ. ಒಬ್ಬ ಹುಡುಗಿಗೆ ಒಂದೇ ಸುಕನ್ಯಾ ಖಾತೆ. ಭಾಗ್ಯಲಕ್ಷ್ಮಿಯೂ ಈಗ ಸುಕನ್ಯಾ ಖಾತೆಯ ಮೂಲಕವೇ ಬರುವುದರಿಂದ, ಬಿಪಿಎಲ್ ಕಾರ್ಡ್ ಇರುವವರು ಮಗು ಹುಟ್ಟಿದ ಖುಷಿಯಲ್ಲಿ ಮೊದಲು ಬ್ಯಾಂಕಿಗೆ ಓಡಿ ಖಾತೆ ತೆರೆಯಬೇಡಿ. ಮೊದಲು ಅಂಗನವಾಡಿ. ಅಲ್ಲಿ ಅರ್ಜಿ ಹಾಕಿ, ಖಾತೆ ಹೇಗೆ ಎಂದು ವಿಚಾರಿಸಿ, ಆಮೇಲೆ ನಿಮ್ಮ ಉಳಿತಾಯ ಎಲ್ಲಿಡಬೇಕು ಎಂದು ನೋಡಿ.

ಸುಕನ್ಯಾ ಮಾರುವವರು "ಟ್ಯಾಕ್ಸ್ ಉಳಿಯುತ್ತೆ" ಎನ್ನುತ್ತಾರೆ. ಹಳೇ ತೆರಿಗೆ ಪದ್ಧತಿಯಲ್ಲಿ ಇದ್ದರೆ ಮಾತ್ರ 80ಸಿ ರಿಯಾಯಿತಿ. ಹೊಸ ಪದ್ಧತಿಯಲ್ಲಿ ಅದಿಲ್ಲ, ಮತ್ತೆ ಅಲ್ಲಿ 12 ಲಕ್ಷದ ತನಕ ಆದಾಯಕ್ಕೆ 2025-26ರಿಂದ ತೆರಿಗೆಯೇ ಬೀಳುವುದಿಲ್ಲ. ಬಡ್ಡಿಗೆ ತೆರಿಗೆ ಇಲ್ಲ ಎನ್ನುವುದು ಎರಡರಲ್ಲೂ ನಿಜ. ಟ್ಯಾಕ್ಸ್‌ಗಾಗಿ ಸುಕನ್ಯಾ ಎನ್ನುವ ಮಾತು ಈಗ ಬಹುಪಾಲು ಮನೆಗಳಿಗೆ ಹಳಸಲು.

ನನ್ನ ಇನ್ನೊಂದು ಅಭಿಪ್ರಾಯ ಕೆಲವರಿಗೆ ಹಿಡಿಸುವುದಿಲ್ಲ. ಮೈಕ್ರೋಫೈನಾನ್ಸ್ ಸಂಘದ ಸಾಲಕ್ಕೆ ವರ್ಷಕ್ಕೆ ಶೇ 20 ದಾಟುವ ಬಡ್ಡಿ ಕಟ್ಟುತ್ತಾ, ಶೇ 8.2 ಬಡ್ಡಿಗೆ ಮಗಳ ಹೆಸರಲ್ಲಿ ತಿಂಗಳಿಗೆ ಸಾವಿರ ಇಡುವುದು ದಡ್ಡತನ. ವರ್ಷಕ್ಕೆ 250 ಕಟ್ಟಿ ಖಾತೆ ಜೀವಂತ ಇಟ್ಟುಕೊಳ್ಳಿ, ಉಳಿದದ್ದನ್ನು ಸಾಲಕ್ಕೆ ಹಾಕಿ. ಸಾಲ ತೀರಿದ ಮೇಲೆ ಸುಕನ್ಯಾಕ್ಕೆ ಜಾಸ್ತಿ ಕಟ್ಟಬಹುದು, ಬಾಗಿಲು ಮುಚ್ಚಿರುವುದಿಲ್ಲ.

"ನಮ್ಮದು ಗಂಡು ಮಗು, ನಮಗೇನಿದೆ?"

ಹುಟ್ಟಿದಾಗ ಬರುವ ಬಾಂಡ್ ಇಲ್ಲ. ಮೊದಲ ಮಗುವಾದರೆ ಮಾತೃ ವಂದನಾದ 5,000 ಇದೆ, ಕಟ್ಟಡ ಕಾರ್ಮಿಕರಾದರೆ ಮಂಡಳಿಯದು ಇದೆ, ಅಷ್ಟೇ. ಉಳಿತಾಯಕ್ಕೆ ಮಗನ ಹೆಸರಲ್ಲಿ ಪಿಪಿಎಫ್ ತೆರೆಯಬಹುದು. 2020ರ ಏಪ್ರಿಲ್‌ನಿಂದ ಬಡ್ಡಿ ಶೇ 7.1ರಲ್ಲಿ ನಿಂತಿದೆ. ತಿಂಗಳಿಗೆ 1,000 ಎಂದರೆ 15 ವರ್ಷಕ್ಕೆ ಮೂರು ಲಕ್ಷದ ಮೇಲೆ. ನಿಮ್ಮ ಖಾತೆ, ಮಗನ ಖಾತೆ ಸೇರಿ ವರ್ಷಕ್ಕೆ 1.5 ಲಕ್ಷ ಮೀರಬಾರದು. ಇನ್ನೊಂದು ಎನ್‌ಪಿಎಸ್ ವಾತ್ಸಲ್ಯ, 2024ರ ಸೆಪ್ಟೆಂಬರ್‌ನಲ್ಲಿ ಬಂದದ್ದು. ಅದು ಪಿಂಚಣಿ ಯೋಜನೆ, ಮಾರುಕಟ್ಟೆ ಮೇಲೆ ನಿಂತದ್ದು. ಕಾಲೇಜು ಫೀಸಿಗೆ ಎಂದು ದುಡ್ಡು ಕೂಡಿಡುವವರಿಗೆ ನಾನು ಅದನ್ನು ಹೇಳುವುದಿಲ್ಲ. ಮಗನ ಮುಪ್ಪಿಗೆ ಈಗಲೇ ಕೂಡಿಡುವಷ್ಟು ಅನುಕೂಲ ಇದ್ದರೆ ಸರಿ.

ತಿಂಗಳು ತಿಂಗಳು ಬರುವುದು

ಗೃಹಲಕ್ಷ್ಮಿಯ 2,000 ಎಲ್ಲರಿಗೂ ಗೊತ್ತು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾಯಿತು, ರೇಷನ್ ಕಾರ್ಡ್‌ನಲ್ಲಿ ಯಜಮಾನಿ ಎಂದು ಇರುವವರಿಗೆ, ಗಂಡ ಅಥವಾ ಹೆಂಡತಿ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಾಗಿರಬಾರದು. ಮಕ್ಕಳಿಗೂ ಇದಕ್ಕೂ ಸಂಬಂಧ ಇಲ್ಲ. ಆದರೆ ಎಷ್ಟೋ ತಾಯಂದಿರು ಇದನ್ನೇ ಮಗಳ ಸುಕನ್ಯಾಕ್ಕೆ ಕಟ್ಟುತ್ತಾರೆ, ಒಳ್ಳೆಯ ಉಪಾಯ. ಒಂದು ಎಚ್ಚರ ಇರಲಿ: ಕಂತು ತಿಂಗಳುಗಟ್ಟಲೆ ತಡವಾಗುವುದುಂಟು. ಇದನ್ನೇ ನಂಬಿ ಆರ್‌ಡಿಗೆ ಆಟೋ ಡೆಬಿಟ್ ಹಾಕಿಸಬೇಡಿ. ಸುಕನ್ಯಾದಲ್ಲಿ ಬಂದಾಗ ಬಂದಷ್ಟು ಕಟ್ಟಬಹುದು, ಆ ಸ್ವಾತಂತ್ರ್ಯ ಆರ್‌ಡಿಯಲ್ಲಿ ಇಲ್ಲ.

ಯಾರಿಗೂ ಗೊತ್ತಿಲ್ಲದ ಇನ್ನೊಂದು ಇದೆ, ಪ್ರಾಯೋಜಕತ್ವ ಎಂದು. ಮಕ್ಕಳ ರಕ್ಷಣೆಯ ಮಿಷನ್ ವಾತ್ಸಲ್ಯದ ಅಡಿ (ಮೇಲೆ ಹೇಳಿದ ಎನ್‌ಪಿಎಸ್ ವಾತ್ಸಲ್ಯ ಅಲ್ಲ) ಮಗುವಿಗೆ ತಿಂಗಳಿಗೆ 4,000 ರೂಪಾಯಿ. ತಾಯಿ ವಿಧವೆ, ವಿಚ್ಛೇದಿತೆ ಅಥವಾ ಗಂಡ ಬಿಟ್ಟುಹೋದವಳು, ಅಪ್ಪ ಅಮ್ಮ ಇಬ್ಬರೂ ಇಲ್ಲದೆ ಅಜ್ಜಿ ಮನೆಯಲ್ಲಿ ಬೆಳೆಯುತ್ತಿರುವ ಮಗು, ತಂದೆ ಅಥವಾ ತಾಯಿಗೆ ಪ್ರಾಣಕ್ಕೆ ಅಪಾಯ ಇರುವ ಕಾಯಿಲೆ, ಇಂಥ ಮನೆಗಳಿಗೆ. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಿ 72,000, ಬೇರೆ ಕಡೆ 96,000 ಮೀರಬಾರದು. ಮಗು ಶಾಲೆಗೆ ಹೋಗುತ್ತಿರಬೇಕು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಒಂದು ಸಮಿತಿ ಮನೆ ಪರಿಸ್ಥಿತಿ ನೋಡಿ ಒಪ್ಪಬೇಕು, ಹಾಗಾಗಿ ಹಾಕಿದ ಕೂಡಲೇ ಬರುವುದಲ್ಲ. ಆದರೂ ವರ್ಷಕ್ಕೆ 48,000 ಆಗುತ್ತದೆ ನೋಡಿ, ಇಲ್ಲಿ ಹೇಳಿದ ಬೇರೆ ಯಾವ ಯೋಜನೆಯೂ ಬಡ ಒಂಟಿ ತಾಯಿಗೆ ವರ್ಷಾ ವರ್ಷ ಇಷ್ಟು ಕೊಡುವುದಿಲ್ಲ. ಗೃಹಲಕ್ಷ್ಮಿ ನಿಂತರೆ ಊರೆಲ್ಲ ಮಾತಾಡುತ್ತದೆ, ಇದರ ಸುದ್ದಿ ಮಾತ್ರ ಅಂಗನವಾಡಿಯ ಗೋಡೆಯ ಮೇಲೂ ಕಾಣುವುದಿಲ್ಲ.

ಮಗು ಆಗಲೇ ದೊಡ್ಡದಾಗಿದ್ದರೆ

ಮಾತೃ ವಂದನಾ ಹೋಯಿತು, ಭಾಗ್ಯಲಕ್ಷ್ಮಿಯ ಒಂದು ವರ್ಷ ಹೋಯಿತು. ಉಳಿದದ್ದು ಏನು? ಹೆಣ್ಣಾದರೆ 10 ವರ್ಷದ ತನಕ ಸುಕನ್ಯಾ ಇದೆ. ಮನೆ ಪರಿಸ್ಥಿತಿ ಮೇಲೆ ಹೇಳಿದಂತೆ ಇದ್ದರೆ 18ರ ಒಳಗೆ ಯಾವಾಗ ಬೇಕಾದರೂ ಪ್ರಾಯೋಜಕತ್ವಕ್ಕೆ ಅರ್ಜಿ ಹಾಕಬಹುದು.

ಆಮೇಲಿನದು 8ನೇ ತರಗತಿಯಲ್ಲಿ ಬರುತ್ತದೆ. ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ, ಕುಟುಂಬದ ಆದಾಯ ವರ್ಷಕ್ಕೆ 3.5 ಲಕ್ಷದ ಒಳಗೆ. ಅದರಲ್ಲಿ ಆಯ್ಕೆಯಾದರೆ 9ರಿಂದ 12ನೇ ತರಗತಿ ತನಕ ವರ್ಷಕ್ಕೆ 12,000, ನಾಲ್ಕು ವರ್ಷಕ್ಕೆ 48,000. ಎಷ್ಟೋ ಮನೆಯವರು 6ನೇ ತರಗತಿಗೆ ಸಾಲ ಮಾಡಿ ಸಣ್ಣಪುಟ್ಟ ಖಾಸಗಿ ಶಾಲೆಗೆ ಬದಲಾಯಿಸುತ್ತಾರೆ. ಮಗ ಅಥವಾ ಮಗಳು ಓದಿನಲ್ಲಿ ಚುರುಕಾಗಿದ್ದರೆ ಹಾಗೆ ಬದಲಾಯಿಸುವ ಮುಂಚೆ ಈ 48,000ವನ್ನೂ ಲೆಕ್ಕಕ್ಕೆ ತಗೊಳ್ಳಿ, ಖಾಸಗಿಗೆ ಹೋದರೆ ಇದು ಕೈತಪ್ಪುತ್ತದೆ.

10ನೇ ತರಗತಿ ಆದ ಮೇಲೆ ಹಿಂದುಳಿದ ವರ್ಗದ ಮಕ್ಕಳಿಗೆ ಇನ್ನೊಂದು ಕವಲು ಇದೆ: ಸರ್ಕಾರಿ ಹಾಸ್ಟೆಲ್ ಅಥವಾ ವಿದ್ಯಾಸಿರಿ. ಎರಡೂ ಸಿಗುವುದಿಲ್ಲ. ವಿದ್ಯಾಸಿರಿ ಎಂದರೆ ಹಾಸ್ಟೆಲ್ ಸಿಗದವರಿಗೆ ಊಟ ವಸತಿಗೆ ಎಂದು ಕೊಡುವ ದುಡ್ಡು, ತಿಂಗಳಿಗೆ 1,500ದಂತೆ ಹತ್ತು ತಿಂಗಳು ಎಂದು ಶುರುವಾದದ್ದು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ಆ ದುಡ್ಡಿಗೆ ಪಿಜಿಯ ಒಂದು ಮೂಲೆಯೂ ಸಿಗುವುದಿಲ್ಲ. ದೊಡ್ಡ ಊರಿಗೆ ಹೋಗುವ ಮಗುವಿಗೆ ಹಾಸ್ಟೆಲ್ ಸೀಟೇ ಬಂಗಾರ, ಊಟ ಚೆನ್ನಾಗಿರುವುದಿಲ್ಲ ಎಂದು ಬಿಡಬೇಡಿ. ಅದೇ ತಾಲ್ಲೂಕು ಕೇಂದ್ರದಲ್ಲಿ ಓದುತ್ತಾ ಚಿಕ್ಕಮ್ಮನ ಮನೆಯಲ್ಲೋ, ನಾಲ್ಕು ಹುಡುಗರು ಸೇರಿ ಮಾಡಿದ ರೂಮಿನಲ್ಲೋ ಇರುವುದಾದರೆ ವಿದ್ಯಾಸಿರಿ ವಾಸಿ. ಎರಡಕ್ಕೂ ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಬೇಕು, ಮತ್ತೆ ಈ ಸಲ ಆಧಾರ್ ಸೀಡಿಂಗ್ ಆಗಿರಬೇಕಾದ್ದು ಮಗುವಿನ ಖಾತೆಗೆ. ಫಲಿತಾಂಶ ಬಂದ ವಾರ ನಾಡಕಚೇರಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಆದಾಯ ಪ್ರಮಾಣಪತ್ರವನ್ನು ಪರೀಕ್ಷೆ ಮುಗಿದ ರಜೆಯಲ್ಲೇ ಮಾಡಿಸಿಟ್ಟುಕೊಳ್ಳಿ.